ಬಾಗಿಲು ಮುಚ್ಚಿ ಕಲ್ಲು ಕುಯ್ಯಿಸಬೇಡಿ

ಅಡುಗೆಮನೆಗೆ ಒಂದು ಕಟ್ಟೆಕಲ್ಲು ಹಾಕಿಸುವುದೆಂದರೆ ಖರ್ಚು ಹೀಗೆ ಬರುತ್ತದೆ. ಕಲ್ಲಿಗೆ ಅಡಿಯ ಲೆಕ್ಕ. ಗಾಡಿ ಬಾಡಿಗೆ ಬೇರೆ, ಹೊತ್ತು ಒಳಗಿಡುವವರಿಗೆ ಬೇರೆ. ಅಂಚನ್ನು ದುಂಡಗೆ ಉಜ್ಜಿ ಹೊಳಪು ಕೊಡುವುದಕ್ಕೆ ಇನ್ನೊಂದಿಷ್ಟು. ಸಿಂಕ್ ಕೂರಿಸುವ ತೂತಿಗೆ ಅರ್ಧ ದಿನದ ಕೂಲಿ. ಚೌಕಾಸಿ ಶುರುವಾಗುವುದು ಈ ಕೊನೆಯದರಲ್ಲೇ. "ಒಂದು ತೂತಿಗೆ ಇಷ್ಟಾ?" ಎನ್ನುತ್ತಾರೆ.

ಆ ತೂತು ಕೊರೆಯುವುದರಲ್ಲಿ ಪಳಗಿದ ಅಣ್ಣತಮ್ಮಂದಿರಿದ್ದರು. ರಸ್ತೆ ಬದಿಯಲ್ಲಿ ತಗಡಿನ ಅಂಗಡಿ, ಹಿಂದೆಯೇ ಮನೆ. ಅಣ್ಣ ಕುಯ್ದ ಕಲ್ಲಿನ ಮೂಲೆ ಒಂದು ದಿನವೂ ಸೀಳಿದ್ದಿಲ್ಲ. ಯಾವ ಮನೆಯ ಗೋಡೆಯೂ ನೆಟ್ಟಗಿರುವುದಿಲ್ಲವಾದ್ದರಿಂದ ಗಿರಾಕಿಯ ಮನೆಯಲ್ಲೇ ಅಳತೆ ಹಿಡಿದು ಅಲ್ಲೇ ಕುಯ್ಯುವುದು ಅವರ ಪದ್ಧತಿ. ಮನೆಯವರು ಹೊಸ ಬಣ್ಣ ಬಳಿಸಿರುತ್ತಾರೆ. "ಧೂಳು ಹೊರಗೆ ಬರಬಾರದು ನೋಡಪ್ಪ" ಎನ್ನುತ್ತಾರೆ. ಅಣ್ಣ ಬಾಗಿಲು ಹಾಕಿಕೊಳ್ಳುತ್ತಿದ್ದ. ಕಿಟಕಿಯನ್ನೂ ಮುಚ್ಚಿ, ಬಾಗಿಲ ಸಂದಿಗೆ ಒದ್ದೆ ಗೋಣಿ ತುರುಕಿ, ಮೂಗಿಗೆ ಕರವಸ್ತ್ರ ಕಟ್ಟಿ ಮಷಿನ್ ಹಚ್ಚುತ್ತಿದ್ದ. ಕೆಲಸ ಮುಗಿಸಿ ಹೊರಗೆ ಬಂದರೆ ರೆಪ್ಪೆಯೂ ಬೆಳ್ಳಗೆ. ಹೊರಗಿನ ಕೋಣೆಯಲ್ಲಿ ಮಾತ್ರ ಚಿಟಿಕೆ ಧೂಳಿಲ್ಲ. "ಅವನ ಕೆಲಸ ಎಷ್ಟು ಚೊಕ್ಕ ಅಂತೀರಿ" ಎಂದು ಜನ ಹೊಗಳಿದರು. ಆ ಹೊಗಳಿಕೆಯೇ ಅವನಿಗೆ ಮುಂದಿನ ಕೆಲಸ ತರುತ್ತಿತ್ತು. ತಮ್ಮನಿಗೂ ಅದನ್ನೇ ಕಲಿಸಿದ.

ನಲವತ್ತು ದಾಟುವ ಹೊತ್ತಿಗೆ ಅಣ್ಣನಿಗೆ ಮೆಟ್ಟಿಲು ಹತ್ತಲು ಆಗಲಿಲ್ಲ. ಮೊದಲು ಕ್ಷಯವಿರಬಹುದೆಂದು ಪರೀಕ್ಷೆ ಮಾಡಿದರು, ಅದಲ್ಲ ಎಂದಾಯಿತು. ಎದೆಯ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ಅತ್ತಿಗೆಗೆ ತೋರಿಸಿದರು. ಕಪ್ಪಗಿರಬೇಕಾದ ಕಡೆಯೆಲ್ಲ ಬಿಳಿ ಚುಕ್ಕಿ. "ಇದಕ್ಕೆ ಸಿಲಿಕೋಸಿಸ್ ಅಂತಾರಮ್ಮ. ಕಲ್ಲಿನ ಧೂಳು ಶ್ವಾಸಕೋಶವನ್ನ ಗಟ್ಟಿ ಮಾಡಿಬಿಟ್ಟಿದೆ. ಉಸಿರಾಟ ಸ್ವಲ್ಪ ಹಗುರ ಮಾಡಬಹುದು. ವಾಸಿ ಮಾಡೋ ಔಷಧಿ ಇಲ್ಲ."

ಅಂದಿನಿಂದ ಅಣ್ಣ ಅಂಗಡಿಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಎದೆಗೆ ದಿಂಬು ಒತ್ತಿ ಹಿಡಿದು, ಮುಂದಕ್ಕೆ ಬಾಗಿ ಕೂರುವುದಷ್ಟೇ ಆಯಿತು. ತಮ್ಮ ಕೆಲಸಕ್ಕೆ ಹೋಗುತ್ತಿದ್ದ. ಅದೇ ಮಷಿನ್, ಅದೇ ಕರವಸ್ತ್ರ, ಅದೇ ಮುಚ್ಚಿದ ಬಾಗಿಲು.

ಹೀಗಿರುವಾಗ ಒಂದು ಸಂಶೋಧನಾ ಸಂಸ್ಥೆಯಿಂದ ಒಬ್ಬಾಕೆ ಬಂದರು. ಎದೆಯ ಡಾಕ್ಟರೇ ವಿಳಾಸ ಕೊಟ್ಟು ಕಳಿಸಿದ್ದರು. ಕೈಯಲ್ಲಿ, ಧೂಳು ಏಳದಂತೆ ಸಣ್ಣ ನೀರಿನ ಕೊಳವೆ ಜೋಡಿಸಿದ ಕಟಿಂಗ್ ಮಷಿನ್.

"ಏನು ಓದಿದೀರಿ ಮೇಡಂ?" ಎಂದ ತಮ್ಮ.

"ಧೂಳಿನ ಮೇಲೆ ಕೆಲಸ ಮಾಡ್ತೀನಿ."

"ಧೂಳು ಓದೋಕೂ ಕಾಲೇಜಿದ್ಯಾ? ಗೊತ್ತಿದ್ದರೆ ನಾನೇ ಪ್ರೊಫೆಸರ್ ಆಗ್ತಿದ್ದೆ!"

ಆಕೆಯೂ ನಕ್ಕರು. "ನಮ್ಮಲ್ಲಿ ಒಬ್ಬೊಬ್ಬರಿಗೆ ಒಂದೊಂದು. ಒಬ್ಬರು ಕಾಳು ಬೂಸ್ಟು ಹಿಡಿಯದ ಹಾಗೆ ಒಣಗಿಸೋದು ನೋಡ್ತಾರೆ. ಒಬ್ಬರು ಬಾವಿ ನೀರಿನ ವಿಷ ಸೋಸೋದು. ಮಗ್ಗದ ಸದ್ದಿಗೆ ಕಿವಿ ಹೋಗದ ಹಾಗೆ ಏನು ಮಾಡಬಹುದು ಅಂತ ಇನ್ನೊಬ್ಬರು. ನನ್ನ ಪಾಲಿಗೆ ನಿಮ್ಮ ಧೂಳು ಬಂದಿದೆ."

ತಮ್ಮ ಅವರಿಗೆ ಧೂಳಮ್ಮ ಎಂದು ಹೆಸರಿಟ್ಟ. ಮಷಿನ್ ಇಟ್ಟುಕೊಂಡ. ಒಂದೇ ಕೆಲಸಕ್ಕೆ ಒಯ್ದು ಮೂಲೆಗೆಸೆದ. ಮುಂದಿನ ಸಲ ಆಕೆ ಬಂದಾಗ ಬೈಗುಳ ಸಿದ್ಧವಾಗಿತ್ತು.

"ನೀರು ಬಿಟ್ಟ ತಕ್ಷಣ ಪೆನ್ಸಿಲ್ ಗೆರೆ ಅಳಿಸಿಹೋಯ್ತು. ಗೆರೆ ಇಲ್ಲದೆ ಕಣ್ಣುಮುಚ್ಚಿ ಕುಯ್ಯಲಾ? ಕೆಸರು ಹರಿದು ಬೀರುವಿನ ಕೆಳಗೆ ಹೋಯ್ತು, ಯಜಮಾನಿ ಬಾಯಿಗೆ ಬಂದ ಹಾಗೆ ಅಂದರು. ಮೇಲಿಂದ ಕರೆಂಟು, ನೀರು, ಎರಡೂ ಒಂದೇ ಕೈಯಲ್ಲಿ! ಎದೆ ಉಳಿಸೋಕೆ ಹೋಗಿ ಪ್ರಾಣ ಕಳ್ಕೊಳ್ಳಲಾ?"

ಧೂಳಮ್ಮ ವಾದಕ್ಕೆ ನಿಲ್ಲಲಿಲ್ಲ. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತರು. "ಗೆರೆ ಎಲ್ಲಿ ಅಳಿಸ್ತು, ತೋರಿಸಿ" ಎಂದರು. ಅವನು ಕುಯ್ದು ತೋರಿಸಿದ. ಮಷಿನ್ ವಾಪಸು ತೆಗೆದುಕೊಂಡು ಹೋದರು.

"ತಪ್ಪಿಸ್ಕೊಂಡಳು" ಎಂದು ತಮ್ಮ ನಕ್ಕ.

ಎರಡು ತಿಂಗಳ ಮೇಲೆ ಮತ್ತೆ ಬಂದರು. ಈ ಸಲ ನೀರು ಚಿಲ್ಲನೆ ಚಿಮ್ಮಲಿಲ್ಲ, ಅಲಗು ಕಲ್ಲಿಗೆ ತಾಗುವ ಜಾಗಕ್ಕೆ ಸರಿಯಾಗಿ ಸಣ್ಣಗೆ ಬಿತ್ತು. ಎಷ್ಟು ನೀರು ಸಾಕು ಎಂಬುದನ್ನು ಬೇರೆ ಬೇರೆ ಕಲ್ಲು ಕುಯ್ದು ಅಳೆದಿದ್ದರಂತೆ. ಗೆರೆ ಎಳೆಯಲು ನೀರಿಗೆ ಅಳಿಸದ ಮೇಣದ ಪೆನ್ಸಿಲ್ ತಂದಿದ್ದರು. ಕರೆಂಟು ಸೋರಿದರೆ ಆ ಕ್ಷಣವೇ ಲೈನ್ ಕಡಿಯುವ ಒಂದು ಸ್ವಿಚ್ ಪೆಟ್ಟಿಗೆ ಇತ್ತು. "ನೀರಿಗಾಗೇ ಮಾಡಿದ ಮಷಿನ್, ಈ ಪೆಟ್ಟಿಗೆ, ಎರಡೂ ಇರಲೇಬೇಕು. ನಿಮ್ಮ ಹಳೇ ಮಷಿನ್‌ಗೆ ನೀರು ಸುರಿದೀರಿ, ಜೋಕೆ" ಎಂದರು. "ಇನ್ನು ಬೀರುವಿನ ಕೆಸರು. ಅದಕ್ಕೆ ನನ್ನ ಹತ್ತಿರ ಉಪಾಯ ಇಲ್ಲ. ಕಲ್ಲು ಅಂಗಳದಲ್ಲಿಟ್ಟು ಕುಯ್ಯಿರಿ."

"ಒಳಗೂ ಹೊರಗೂ ಕಲ್ಲು ಹೊರೋರು ಯಾರು? ನಾನು ಕರವಸ್ತ್ರ ಕಟ್ಟೇ ಕಟ್ತೀನಿ, ಸಾಕು ಬಿಡಿ."

ಧೂಳಮ್ಮ ಬಿಲ್ಲೆಯಷ್ಟು ಅಗಲದ ಬಿಳಿ ಸೋಸುಕಾಗದವನ್ನು ಒಂದು ಡಬ್ಬಿಗೆ ಕೂರಿಸಿದರು. ಉಸಿರಿನಂತೆ ಗಾಳಿ ಎಳೆಯುವ ಪುಟ್ಟ ಪಂಪು ಅದಕ್ಕಿತ್ತು. ಅದನ್ನು ಅವನ ಕರವಸ್ತ್ರದ ಒಳಗೆ, ಬಾಯಿಯ ಪಕ್ಕಕ್ಕೆ ಸಿಕ್ಕಿಸಿದರು. ತಾವು ಗಟ್ಟಿ ಮುಖವಾಡ ಹಾಕಿಕೊಂಡು, ಅಣ್ಣನನ್ನು ಒಳಮನೆಗೆ ಕಳಿಸಿ, "ಒಂದೇ ಒಂದು ತೂತು, ದಿನಾ ಕುಯ್ಯೋ ಹಾಗೇ ಕುಯ್ಯಿರಿ. ಇದೇ ಕೊನೆ" ಎಂದರು. ಮುಗಿದ ಮೇಲೆ ಕಾಗದ ತೆಗೆದರು. ಒಲೆಯ ಬೂದಿಯ ಬಣ್ಣ ಬಂದಿತ್ತು. ಹೊಸ ಕಾಗದ ಹಾಕಿ ನೀರಿನ ಮಷಿನ್‌ನಲ್ಲಿ ಕುಯ್ಯಿಸಿದರು. ಅದು ಬೆಳ್ಳಗೇ ಉಳಿದಿತ್ತು, ಅಲ್ಲಲ್ಲಿ ಮಾಸಲು.

"ಪೂರ್ತಿ ಬಿಳಿ ಅಲ್ಲ, ನೋಡಿ. ಅದಕ್ಕೇ ನೀರಿದ್ದರೂ ಮುಖವಾಡ ಬೇಕು. ಕರವಸ್ತ್ರ ಅಲ್ಲ, ಮುಖಕ್ಕೆ ಸರಿಯಾಗಿ ಅಂಟಿ ಕೂರೋದು."

ಅತ್ತಿಗೆ ಎರಡೂ ಕಾಗದಗಳನ್ನು ಒಳಗೆ ಒಯ್ದಳು. ಅಣ್ಣ ಬೂದಿ ಬಣ್ಣದ್ದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಇದು... ಒಂದೇ ತೂತಿಂದಾ?"

"ಹೂಂ."

"ಕರವಸ್ತ್ರ ಕಟ್ಟಿದ್ನಾ ಇವನು?"

"ಕಟ್ಟಿದ್ದ."

ಅಣ್ಣ ಉಸಿರು ಕೂಡಿಸಿಕೊಳ್ಳಲು ಸುಮಾರು ಹೊತ್ತು ಬೇಕಾಯಿತು. ತಮ್ಮನನ್ನು ಕರೆದ. "ಲೇ, ಬಾಗಿಲು ಹಾಕ್ಕೊಳ್ಳೋದನ್ನ ನಾನೇ ನಿನಗೆ ಕಲಿಸಿದ್ದು. ಅದನ್ನ ಇವತ್ತೇ ಮರೆತುಬಿಡು."

"ಕೆಲಸ ಕೈಬಿಟ್ಟು ಹೋಗುತ್ತೆ ಅಣ್ಣ."

"ಹೋಗ್ಲಿ. ಕೆಲಸ ಇನ್ನೊಂದು ಬರುತ್ತೆ. ನಿನ್ನ ಅತ್ತಿಗೆ... ದಿನಾ ಬೆನ್ನು ನೀವ್ತಾಳೆ ನನಗೆ. ನಿನ್ನ ಹೆಂಡತಿಗೆ ಆ ಕೆಲಸ ಹಚ್ಚಬೇಡ."

ತಮ್ಮ ಮಾರನೆಯ ದಿನ ಎದೆಯ ಡಾಕ್ಟರ ಬಳಿ ಹೋಗಿ ತಾನೂ ಎಕ್ಸ್‌ರೇ ತೆಗೆಸಿಕೊಂಡ. ಅವನ ಎದೆಯಲ್ಲೂ ಚುಕ್ಕಿಗಳು ಶುರುವಾಗಿದ್ದವು, ಆದರೆ ಕೆಲವೇ. "ಧೂಳು ಬಿಟ್ಟ ಮೇಲೂ ಕೆಲವರಿಗೆ ಹೆಚ್ಚಾಗುತ್ತೆ, ಕೆಲವರಿಗೆ ಅಲ್ಲೇ ನಿಲ್ಲುತ್ತೆ. ಬಿಡದೇ ಇದ್ದರೆ ನಿಲ್ಲೋದೇ ಇಲ್ಲ" ಎಂದರು ಡಾಕ್ಟರು.

ಆ ವಾರದ ಗಿರಾಕಿ, "ಅಂಗಳದಲ್ಲಿ ಕುಯ್ಯೋಕೆ ನಿನ್ನನ್ಯಾಕೆ ಕರೀಬೇಕು, ನಿಮ್ಮಣ್ಣ ಒಳಗೇ ಎಷ್ಟು ಚೊಕ್ಕ ಮಾಡ್ತಿದ್ದ" ಎಂದರು.

"ಅದಕ್ಕೇ ಸಾರ್, ಅವನೀಗ ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡ್ತಾನೆ. ಮಲಗಿದರೆ ಉಸಿರು ಕಟ್ಟುತ್ತೆ."

ಗಿರಾಕಿ ತಾವೇ ಬಂದು ಕಲ್ಲಿನ ಒಂದು ತುದಿ ಹಿಡಿದು ಅಂಗಳಕ್ಕೆ ಸಾಗಿಸಲು ಕೈ ಕೊಟ್ಟರು. ಎಲ್ಲ ಗಿರಾಕಿಗಳೂ ಹಾಗಿರಲಿಲ್ಲ. ಕೆಲವರು ಬೇರೆಯವರನ್ನು ಕರೆಸಿಕೊಂಡರು.

ಓದುತ್ತಿರುವ ಅಕ್ಕ, ಅಣ್ಣಂದಿರೇ, ನಿಮ್ಮ ಮನೆಗೆ ಕಲ್ಲು ಕುಯ್ಯುವವರು ಬಂದರೆ ಬಾಗಿಲು ಹಾಕಿಕೊಳ್ಳಿ ಎನ್ನಬೇಡಿ. ಅಂಗಳ ತೋರಿಸಿ, ನೀರು ಕೊಡಿ. ಅಂಗಳ ಒದ್ದೆಯಾದರೆ ತೊಳೆಯಬಹುದು. ಬಳಿದೆತ್ತಿದ ಕೆಸರನ್ನು ಒಣಗಲು ಬಿಡದೆ ಒದ್ದೆಯಿರುವಾಗಲೇ ಚೀಲಕ್ಕೆ ತುಂಬಿಸಿಬಿಡಿ, ಒಣಗಿದರೆ ಅದೂ ಧೂಳೇ. ಕಲ್ಲಿನ ಕೆಲಸ ಮಾಡುವವರು ನೀವೇ ಆಗಿದ್ದರೆ, ಕೆಮ್ಮು ಬರಲಿ ಎಂದು ಕಾಯದೆ ಎದೆ ತೋರಿಸಿಕೊಳ್ಳಿ, ಏನು ಕೆಲಸ ಮಾಡುತ್ತೀರೆಂದು ಡಾಕ್ಟರಿಗೆ ಹೇಳಿ. ಸಂಶೋಧನೆಯವರು ಯಾವುದಾದರೂ ಸಾಧನ ತಂದುಕೊಟ್ಟು ಅದು ನಿಮ್ಮ ಕೈಗೆ ಒಗ್ಗದಿದ್ದರೆ ಮೂಲೆಗೆಸೆಯಬೇಡಿ. ಎಲ್ಲಿ ಕೈಕೊಟ್ಟಿತು ಎಂದು ತೋರಿಸಿ. ತೋರಿಸಿದರೆ ತಾನೇ ಅವರು ತಿದ್ದುವುದು.

ಅಣ್ಣ ಮುಂದಿನ ಮಳೆಗಾಲ ಕಾಣಲಿಲ್ಲ. ಅತ್ತಿಗೆ ಈಗ ಅಂಗಡಿಯ ವ್ಯವಹಾರ ನೋಡುತ್ತಾಳೆ. ತಮ್ಮ ವರ್ಷಕ್ಕೊಮ್ಮೆ ಎಕ್ಸ್‌ರೇ ತೆಗೆಸುತ್ತಾನೆ. ಈ ವರ್ಷದ್ದರಲ್ಲೂ ಚುಕ್ಕಿಗಳು ಹೆಚ್ಚಾಗಿಲ್ಲ.