ಗ್ವಾಂಗ್‌ಝೌಗೆ ಮುಟ್ಟದ ಮೆಸೇಜು

ಸರ್ವಮಂಗಳಮ್ಮನ ಎದೆನೋವು ಬರೀ ಗ್ಯಾಸು ಎಂದು ಗೊತ್ತಾಗಿತ್ತು. ಹರಿಹರದ ನರ್ಸಿಂಗ್ ಹೋಮಿನ ಮಂಚದ ಮೇಲೆ ಕೂತು ಅವರು ಇಡ್ಲಿ ತಿನ್ನುತ್ತಿದ್ದರು. ಸೊಸೆ ರಶ್ಮಿತಾ ಮಾತ್ರ ಫೋನಿನಿಂದ ಕಣ್ಣು ತೆಗೆದಿರಲಿಲ್ಲ.

ದಾವಣಗೆರೆಯಲ್ಲಿ ಮಂಡಕ್ಕಿ ವ್ಯಾಪಾರ ಮಾಡುವ ಅವಳ ಗಂಡ ಬಕ್ಕೇಶ್, ಪ್ಯಾಕಿಂಗ್ ಮಷಿನ್ ನೋಡಲು ಚೀನಾದ ಗ್ವಾಂಗ್‌ಝೌಗೆ ಹೋಗಿದ್ದ. ಬ್ಯಾಂಕಾಕಿನಲ್ಲಿ ವಿಮಾನ ಬದಲಿಸುವಾಗ ಅವನಿಗೆ ಮುಟ್ಟಿದ್ದು ಅವಳ ಒಂದೇ ಮೆಸೇಜು: 'ಅಮ್ಮಗೆ ಎದೆನೋವು. ಆಸ್ಪತ್ರೆಗೆ ಹೊಂಟೀವಿ.' ಆಮೇಲೆ ಕಳಿಸಿದ 'ಗ್ಯಾಸ್ ಅಷ್ಟೇ, ಆರಾಮದಾರೆ' ಒಂದೇ ಟಿಕ್‌ನಲ್ಲಿ ನಿಂತಿತ್ತು. ಫೋನ್ ಹಚ್ಚಿದರೆ ನಾಟ್ ರೀಚೇಬಲ್.

"ಮಷಿನ್ ಗಿಷಿನ್ ಬಿಟ್ಟು ವಾಪಸ್ ಹೊಂಟ್‌ಬಿಡ್ತಾರತ್ತೆ. ದಾರೀಲಿ ಏನಾರ ಆದ್ರೆ?"

"ಹೋಟೆಲಿನಾಗೆ ವೈಫೈ ಪುಕ್ಕಟೆ ಐತಲ್ಲ. ನೋಡಾಕೇನು ದಾಡಿ ಅವನಿಗೆ?"

"ರೋಮಿಂಗ್ ಪ್ಯಾಕ್ ದಂಡ, ಬ್ಯಾಡ ಅಂದೋರು ಯಾರು?"

ಅತ್ತೆ ಚಟ್ನಿಯತ್ತ ನೋಡಿದರು.

ಬಿಪಿ ನೋಡಲು ಬಂದ ಡಾಕ್ಟರ್ ನೂರೀನ್ ನಕ್ಕಳು. ಅವಳು ಓದಿದ್ದೇ ಚೀನಾದಲ್ಲಿ. "ಹೋಟೆಲ್ ವೈಫೈ ಅಂದ್ರೆ ಆ ದೇಶದ ನೆಟ್ಟು. ಅದ್ರಾಗೆ ವಾಟ್ಸಾಪ್ ಬಂದ್ ರೀ. ನಮ್ಮ ಸಿಮ್ ರೋಮಿಂಗಲ್ಲಿದ್ರೆ ನೆಟ್ಟು ನಮ್ಮ ಕಂಪನಿ ಮೂಲಕ ಸುತ್ತಿ ಹೋಗ್ತದೆ, ಎಲ್ಲ ತೆರೀತದೆ. ನೀವೇ ಇಲ್ಲಿಂದ ಅವ್ರ ನಂಬರಿಗೆ ಪ್ಯಾಕ್ ಹಾಕ್ರಿ."

ರಶ್ಮಿತಾ ಹಾಕಿದಳು. ಟಿಕ್ ಒಂದೇ. ನೂರೀನ್ ಪಕ್ಕದ ಮಂಚದ ರೋಗಿಯನ್ನು ನೋಡಿ ಬಂದರೂ ಒಂದೇ. ಅವನು ಫೋನ್ ಆಫ್ ಮಾಡಿ ವಿಮಾನ ಹತ್ತಿಬಿಟ್ಟಿದ್ದರೆ? ಇಡ್ಲಿ ಅತ್ತೆಯ ಕೈಯಲ್ಲೇ ಉಳಿಯಿತು.

ಟಿಕ್ ಎರಡಾಯಿತು. ನೀಲಿಯಾಯಿತು. ಆಗಲೇ ವಿಡಿಯೋ ಕಾಲ್ ಬಂತು.

ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಬಕ್ಕೇಶ್, ಕಣ್ಣು ಊದಿದ್ದವು. "ಗಾಬರಿಗೆ ಫೋನಿನಾಗೆ ಇದ್ದಬದ್ದ ಸ್ವಿಚ್ಚೆಲ್ಲ ಒತ್ತಿದ್ದೆ, ಈಗ ನೆಟ್ಟು ಹತ್ತಿತು ನೋಡು. ಸುಳ್ಳು ಹೇಳ್ಬ್ಯಾಡ. ಅಮ್ಮನ್ನ ತೋರ್ಸು."

"ಇಲ್ಲೇ ಅದೀನೋ! ಎಲ್ಲಿಗೆ ಹೊಂಟಿ?"

ಅವನು ಅಂಗಿ ತೋಳಿನಿಂದ ಕಣ್ಣೊರೆಸಿಕೊಂಡ. "ಏರ್‌ಪೋರ್ಟಿಗಮ್ಮ."

"ಮಷಿನ್ ನೋಡ್ದೆ ಬರ್ತೀಯ? ಗಾಡಿ ತಿರುಗ್ಸು ಅನ್ನೋ ಅವ್ನಿಗೆ!"

"ಹೆಂಗನ್ಲಿ? ನನ್ ಮಾತು ಅವ್ನಿಗೆ ತಿಳಿಯಲ್ಲ, ಕೈಸನ್ನೆ ಮಾಡಿದ್ರೆ ಇನ್ನೂ ಜೋರು ಓಡಿಸ್ತಾನೆ!"

ನೂರೀನ್ ಫೋನು ಕಸಿದುಕೊಂಡಳು. "ಡ್ರೈವರ್ ಕಡೆ ಹಿಡೀರಿ." ಅವಳ ಬಾಯಿಂದ ಸರಸರ ಚೀನೀ ಮಾತು ಬಂತು. ಫೋನು ಮತ್ತೆ ಬಕ್ಕೇಶನ ಕಡೆ ಬಂದಾಗ ಟ್ಯಾಕ್ಸಿ ಹೊರಳುತ್ತಿತ್ತು; ಅವನ ಮುಖದ ಮೇಲಿದ್ದ ಬಿಸಿಲು ಮೆಲ್ಲಗೆ ಸರಿದು ಇನ್ನೊಂದು ಕೆನ್ನೆಗೆ ಬಂತು.

"ಅಷ್ಟುದ್ದ ಏನಂದ್ಯವ್ವ ಅವನಿಗೆ?" ಸರ್ವಮಂಗಳಮ್ಮ ಕೇಳಿದರು.

"ಅಮ್ಮ ಆರಾಮ ಅದಾರೆ, ಗಾಡಿ ತಿರುಗ್ಸು ಅಂದೆ. ಅಷ್ಟೇ."