ಕುಡಿ-ಕೊರಿಯಾ

ತಿಲಕನ ಗಂಟಲಿನಲ್ಲಿ ಅರ್ಧ ಜಿಲ್ಲೆ ಬಾಡಿಗೆಗಿತ್ತು. ಕಾಪುವಿನ ಮೀನು ಮಾರುವ ಹೆಂಗಸರು, ಕಾರ್ಕಳ ಬಸ್ಸಿನ ಕಂಡಕ್ಟರ್, ಕನ್ನಡಕ ಒರೆಸಿಕೊಳ್ಳದೆ ಬಾಯಿ ತೆರೆಯದ ಪ್ರೊಫೆಸರ್, ಯಾರು ಬೇಕೆಂದರೂ ಕೂಡಲೇ ಹೊರಗೆ ಬರುತ್ತಿದ್ದರು. ಮಣಿಪಾಲದ ಬಾರ್ ಒಂದರಲ್ಲಿ ಅವನು ಕೌಂಟರಿನವನು. ಗಿರಾಕಿಗಳಿಗೆ ಅಮಲು ಅರ್ಧ ಬಾಟಲಿಯಿಂದ ಏರಿದರೆ ಅರ್ಧ ಅವನ ಬಾಯಿಯಿಂದ ಏರುತ್ತಿತ್ತು.

ಎರಡು ಸಾವಿರದ ಆರರಲ್ಲಿ ಅವನ ಹೆಸರು ಉಡುಪಿಯವರೆಗೂ ಹಬ್ಬಿದ್ದು 'ಕುಡಿ-ಕೊರಿಯಾ' ಎಂಬ ಕಾಕ್‌ಟೇಲಿನಿಂದ. ಹೆಸರು ತಿಲಕನದು. ರುಚಿ ಮಾತ್ರ ಹಿಂದಿನ ಕೋಣೆಯಲ್ಲಿ ಗ್ಲಾಸು ತೊಳೆಯುವ ನಾಗವೇಣಿಯದು.

ನಾಗವೇಣಿ ಲಿಂಗಸುಗೂರು ಕಡೆಯವಳು. ಗಂಡನ ಗಾರೆ ಕೆಲಸದ ಹಿಂದೆ ಬಂದು ಪರ್ಕಳದಲ್ಲಿ ಕೋಣೆ ಹಿಡಿದು ಹನ್ನೊಂದು ವರ್ಷವಾಗಿತ್ತು. ಬೆಳಿಗ್ಗೆ ಅವಳು ನೋ ಎಂಬ ಕೊರಿಯಾದ ಇಂಜಿನಿಯರರ ಮನೆ ಗುಡಿಸುತ್ತಿದ್ದಳು. ಹೆಸರು ನೋ ಆದರೂ ಆ ಮನೆಯ ಅಮ್ಮ ಯಾವುದಕ್ಕೂ ನೋ ಅಂದವರಲ್ಲ. ತಮ್ಮ ಊರಿನ ಸೊಪ್ಪಿನ ಬೀಜಗಳನ್ನು ಕೇಳುವ ಮೊದಲೇ ಕೊಟ್ಟಿದ್ದರು. ನಾಗವೇಣಿ ಅವನ್ನು ಪರ್ಕಳದಲ್ಲಿ ಪೇಂಟಿನ ಡಬ್ಬಗಳಲ್ಲಿ ಬಿತ್ತಿದಳು. ಕೆನ್ನಿಪ್ ಎಂಬುದು ವೀಳ್ಯದೆಲೆಯಷ್ಟು ಅಗಲ, ಅಂಚು ಗರಗಸ, ಅಡಿ ನೇರಳೆ. ಹಿಸುಕಿದರೆ ಸೋಂಪು ಮತ್ತು ಓಮ ಜಗಳಾಡಿದ ಹಾಗೆ ಪರಿಮಳ. ಮಿನಾರಿ ಎಂಬುದು ನೀರಿನಲ್ಲೇ ಬೆಳೆಯುವ ಎಳೆ ದಂಟು.

ಒಂದು ಸೆಕೆಯ ದಿನ ಅವಳು ಎರಡು ಕೆನ್ನಿಪ್ ಎಲೆ ಜಜ್ಜಿ, ಪುನರ್ಪುಳಿ ಹಣ್ಣಿನ ಹುಳಿ ರಸ, ಬೆಲ್ಲ, ಉಪ್ಪು ಸೇರಿಸಿ, ಮಿನಾರಿ ದಂಟಿನಲ್ಲಿ ಕದಡಿ ಕುಡಿಯುತ್ತಿದ್ದಳು. ತಿಲಕ ಕಸಿದು ಒಂದು ಗುಟುಕು ಎಳೆದ. ಕೌಂಟರಿಗೆ ಒಯ್ದು ಜಿನ್ ಸುರಿದ. ಮತ್ತೆ ಗ್ಲಾಸು ಹಿಂದಕ್ಕೆ ಬಂದದ್ದು ತೊಳೆಯಲು ಮಾತ್ರ.

ಕುಡಿಸುವುದಕ್ಕೂ ಅವನದೊಂದು ಶಾಸ್ತ್ರವಿತ್ತು. ಟವೆಲನ್ನು ಸೆರಗಿನಂತೆ ತಲೆಗೆ ಹೊದ್ದು, ಎಲೆಯನ್ನು ಅಂಗೈಯಲ್ಲಿಟ್ಟು ಪಟ್ಟೆಂದು ಹೊಡೆದು, ನಾಗವೇಣಿಯಾಗುತ್ತಿದ್ದ. "ಬರ್ರೀ ಸಾಹೇಬ್ರ! ಎಲಿ ನಾನಽ ಬೆಳಸೀನ್ರೀ! ಕುಡದು ಸತ್ರ ನನ್ನ ಕೇಳಬ್ಯಾಡ್ರೀ, ಬದುಕಿದ್ರ ಇನ್ನೊಂದ್ ತಗೋರಿ!" ಟೇಬಲ್ಲುಗಳು ಕುಣಿಯುತ್ತಿದ್ದವು. ಹಿಂದಿನ ಕೋಣೆಯ ಕಿಂಡಿಯಲ್ಲಿ ನಾಗವೇಣಿಗೆ ಎಲ್ಲ ಕೇಳುತ್ತಿತ್ತು.

ಒಂದು ದಿನ ಮಾಲೀಕ ಕರುಣಾಕರಣ್ಣನಿಗೆ ಬುದ್ಧಿ ಹೊಳೆಯಿತು. "ಒರಿಜಿನಲ್ ಹಿಂದೆ ಇರುವಾಗ ಡೂಪ್ಲಿಕೇಟ್ ಎಂತಕ್ಕೆ ಮಾರಾಯ? ಶನಿವಾರ ಡಾಕ್ಟರುಗಳ ಪಾರ್ಟಿ ಉಂಟು. ಅವಳೇ ಮಾಡಿ ಕೊಡಲಿ, ಅವಳೇ ಮಾತಾಡಲಿ. ಜನಕ್ಕೆ ಹಿಡಿಸಿದರೆ ಇನ್ನು ಕೌಂಟರ್ ಅವಳಿಗೇ. ನೀನು ಊಟದ ಸೆಕ್ಷನ್ ನೋಡಿಕೋ. ಅವಳಿಗೆ ಸ್ವಲ್ಪ ಕಲಿಸು, ಆಯ್ತಾ?"

"ನೀವು ಹೇಳಿದ ಮೇಲೆ ಮುಗೀತಲ್ಲ ಅಣ್ಣ," ಎಂದು ತಿಲಕ ನಕ್ಕ. ಟವೆಲನ್ನು ಮಾತ್ರ ಮಡಚಿ ಬಗಲಿಗೆ ಸಿಕ್ಕಿಸಿಕೊಂಡ.

ನಾಗವೇಣಿ ಅವತ್ತು ಕೈ ಒರೆಸಿಕೊಂಡು ಬಂದಳು. ಸೋಪಿನ ನೀರಿಗೆ ಅವಳ ಬೆರಳ ಸಂದುಗಳು ಬೆಳ್ಳಗೆ ಕೊಳೆತು, ವರ್ಷದಿಂದ ಮಾಯದೆ ಬಿರಿದಿದ್ದವು. "ತಿಲಕಣ್ಣ, ಈ ನೀರಿನಿಂದ ಒಮ್ಮೆ ಕೈ ಹೊರಗೆ ಬಂದರೆ ಸಾಕು. ನಾನು ಎಂತ ಮಾತಾಡಬೇಕು?"

ಹನ್ನೊಂದು ವರ್ಷದಲ್ಲಿ ಅವಳ ಬಾಯಿಯಿಂದ ಲಿಂಗಸುಗೂರು ಪೂರ್ತಿ ತೊಳೆದುಹೋಗಿತ್ತು. ಅದು ಗೊತ್ತಿದ್ದದ್ದು ತಿಲಕನ ಕಿವಿಗೆ ಮಾತ್ರ. ಕರುಣಾಕರಣ್ಣ ಅವಳ ಜೊತೆ ಒಂದು ದಿನವೂ ಮಾತಾಡಿದವನಲ್ಲ.

"ಏನೂ ಬೇಡ," ಎಂದ ತಿಲಕ, ಅಕ್ಕರೆಯಿಂದ. "ನೀನು ಹೇಗಿದ್ದೀಯೋ ಹಾಗೇ ಮಾತಾಡು. ಮರ್ಯಾದೆಯಿಂದ."

ಶನಿವಾರ ಅವಳು ಇಳಕಲ್ ಸೀರೆ ಉಟ್ಟು ಟ್ರೇ ಹಿಡಿದು ಬಂದಳು. ಎಂಟು ಗ್ಲಾಸು, ಎಂಟು ದಂಟು, ಒಂದು ಹನಿ ಚೆಲ್ಲಿರಲಿಲ್ಲ. ಡಾಕ್ಟರುಗಳು ಆಗಲೇ ನಗಲು ಬಾಯಿ ತೆರೆದು ಕುಳಿತಿದ್ದರು.

"ನಮಸ್ಕಾರ ಸರ್. ಇದು ಕೊರಿಯಾದ ಸೊಪ್ಪು, ಪರ್ಕಳದಲ್ಲಿ ನಾನೇ ಬೆಳೆಸಿದ್ದು. ಪುನರ್ಪುಳಿ ಉಂಟು, ಸ್ವಲ್ಪ ಬೆಲ್ಲ ಉಂಟು. ನಿಧಾನವಾಗಿ ಕುಡಿಯಿರಿ."

ಬಾಯಿಗಳು ತೆರೆದೇ ಉಳಿದವು.

"ಎಂತ ಕರುಣಾಕರಣ್ಣ, ಇವಳು ಘಟ್ಟದ ಮೇಲಿನವಳಾ? ಹಿರಿಯಡ್ಕದ ಟೀಚರ್ ಹಾಗೆ ಮಾತಾಡ್ತಾಳಲ್ಲ!"

"ಸೀರೆ ಮಾತ್ರ ಬಾಡಿಗೆಗೆ ತಂದದ್ದಾ?"

"ಬೇಡ ಬೇಡ, ಒರಿಜಿನಲ್ ತಿಲಕನನ್ನೇ ಕರೀರಿ!"

ತಿಲಕ ಟವೆಲು ಹೊದ್ದು ಬಂದ. ಅವಳು ಟ್ರೇ ಹಿಡಿದು ನಿಂತಿರುವಾಗಲೇ, ಅವಳ ಪಕ್ಕದಲ್ಲೇ ನಿಂತು ಅವಳಾದ. "ಅಯ್ಯಽ ಸಾಹೇಬ್ರ, ಟೀಚರ್ ಆಗಾಕ ಹೋಗಿ ಸೀರಿ ಹರೀತ್ರೀ!" ಒಬ್ಬ ಡಾಕ್ಟರು ನಕ್ಕು ಕೆಮ್ಮಿ ಕಣ್ಣೊರೆಸಿಕೊಂಡರು. ಕರುಣಾಕರಣ್ಣ ಬೆರಳಿನಲ್ಲಿ ನಾಗವೇಣಿಗೆ ಹಿಂದಿನ ಕೋಣೆ ತೋರಿಸಿದ. ಗ್ಲಾಸುಗಳು ಮಾತ್ರ ಒಂದೂ ಉಳಿಯದೆ ಖಾಲಿಯಾದವು.

ಸ್ವಲ್ಪ ಹೊತ್ತಿನಲ್ಲಿ ಐಸ್ ತರಲು ತಿಲಕ ಹಿಂದಕ್ಕೆ ಹೋದ. ಬಾಗಿಲ ಬಳಿಯೇ ಅವನಿಗೆ ಅವನದೇ ಸ್ವರ ಕೇಳಿಸಿತು.

"ನೀವು ಹೇಳಿದ ಮೇಲೆ ಮುಗೀತಲ್ಲ ಅಣ್ಣ. ಹೆಹ್. ನಿಮ್ಮ ಚಪ್ಪಲಿ ಎಲ್ಲಿ ಉಂಟು ಅಣ್ಣ? ಹೆಹ್. ತಲೆ ಮೇಲೆ ಇಟ್ಟುಕೊಳ್ಳಲಿಕ್ಕೆ."

ಇಳಕಲ್ ಸೀರೆಯಲ್ಲೇ ನಿಂತ ನಾಗವೇಣಿ ತಿಲಕನ ಹಾಗೆಯೇ, ಇಲ್ಲದ ಟೈ ಸರಿಮಾಡಿಕೊಳ್ಳುತ್ತಿದ್ದಳು. ಪ್ರತಿ 'ಅಣ್ಣ'ದ ಹಿಂದೆ ಆ ಮೂಗಿನ ನಗೆ. ಅಂಥದೊಂದು ನಗೆ ತನಗೆ ಇದೆಯೆಂದು ತಿಲಕನಿಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ಪಾತ್ರೆ ತೊಳೆಯುವ ಮರೆಮ್ಮ ನೆಲಕ್ಕೆ ಕೂತು ನಗುತ್ತಿದ್ದಳು. ಅಡುಗೆಯ ಎಸ್ತರ್ ಬಾಯಿ ಮುಚ್ಚಿ ಅಲುಗುತ್ತಿದ್ದಳು.

ಇವಳು ನನಗಿಂತ ಚೆನ್ನಾಗಿ ಮಾಡುತ್ತಾಳೆ ಎಂದು ಅವನ ಕಿವಿ ತಕ್ಷಣ ಒಪ್ಪಿತು. ಕರುಣಾಕರಣ್ಣನ ಕಿವಿಗೆ ಇದು ಬೀಳಬಾರದು. ತಿಲಕ ಐಸ್ ಮರೆತು ಬಾಗಿಲು ಎಳೆದುಕೊಂಡ.

ಮರುದಿನ ಬೆಳಿಗ್ಗೆ ಮಾಲೀಕನ ಕುರ್ಚಿಯ ಬಳಿ ಬಗ್ಗಿದ. "ಅಣ್ಣ, ಹೇಳಬಾರದಿತ್ತು. ಆ ಸೊಪ್ಪೆಲ್ಲ ನೋ ಸಾಹೇಬರ ಮನೆಯಿಂದ ಕದ್ದು ತರುವುದಂತೆ. ನಾಳೆ ಅವರೇ ಇಲ್ಲಿ ಕುಡಿಯಲಿಕ್ಕೆ ಬಂದರೆ ನಿಮ್ಮ ಮರ್ಯಾದೆ?" 'ಅಣ್ಣ' ಎಂದ ಕೂಡಲೇ ಮೂಗಿಗೆ ಬಂದ ನಗೆಯನ್ನು ನುಂಗಿಕೊಂಡ. ಕರುಣಾಕರಣ್ಣ ಯಾರನ್ನೂ ಕೇಳಲಿಲ್ಲ. ನಾಗವೇಣಿ ಅವತ್ತಿನ ಎಲೆಯ ಕಟ್ಟು ಹಿಡಿದು ಬಂದಾಗ ವಾಚ್‌ಮನ್ ಕಟ್ಟನ್ನು ತೆಗೆದುಕೊಂಡು ಗೇಟು ಹಾಕಿದ. ಕೊರಿಯಾದವರ ಮನೆಗೂ, ಏನು ಕದ್ದಳೆಂಬುದಿಲ್ಲದೆ, ಕಳ್ಳಿ ಎಂಬ ಸುದ್ದಿ ಮಾತ್ರ ಮುಟ್ಟಿತು. ನೋ ಅಮ್ಮ ಮೊದಲ ಸಲ ನೋ ಅಂದರು.

ಆ ಕಟ್ಟನ್ನು ಎಲೆ ಎಣಿಸಿ ಮೂರು ದಿನ ಸಾಗಿಸಿದ್ದಾಯಿತು. ನಾಲ್ಕನೆಯ ದಿನ ಗಿಡಗಳನ್ನೇ ಎತ್ತಿ ತರೋಣವೆಂದು ತಿಲಕ ಪರ್ಕಳಕ್ಕೆ ಹೋದರೆ ಕೋಣೆಗೆ ಬೀಗ. ಡಬ್ಬಗಳಿದ್ದ ಜಗಲಿಯಲ್ಲಿ ಏಳು ತುಕ್ಕಿನ ಉಂಗುರ.

ಆ ರಾತ್ರಿ ಕೆನ್ನಿಪ್ ಬದಲು ದೊಡ್ಡಪತ್ರೆ ಹಾಕಿದ; ರುಚಿ ಯಾಕೆ ಬೇರೆ ಎಂದು ಯಾರೂ ಕೇಳಲಿಲ್ಲ. ಮರುವಾರ ಪುದೀನ ಹಾಕಿದ. ದಂಟಿನ ಬದಲು ಪ್ಲಾಸ್ಟಿಕ್ ಕಡ್ಡಿ. ಆಗಲೂ ಯಾರೂ ಕೇಳಲಿಲ್ಲ. ಟವೆಲು ತಲೆಗೇರಿದರೆ ಸಾಕಿತ್ತು.

ಒಂದು ಸಂಜೆ ಹೊಸ ಗಿರಾಕಿಯೊಬ್ಬ ನಗೆ ನಿಲ್ಲಿಸಿಕೊಂಡು ವಿಚಾರಿಸಿದ: "ಅಲ್ಲ ಮಾರಾಯ, ಅಂಥ ಹೆಂಗಸು ನಿಜವಾಗಿ ಇದ್ದಾಳಾ?"

"ಎಲ್ಲಿಯ ಹೆಂಗಸು ಸರ್," ಎಂದು ತಿಲಕ ಪುದೀನ ಎಲೆಯನ್ನು ಅಂಗೈಯಲ್ಲಿಟ್ಟು ಪಟ್ಟೆಂದು ಹೊಡೆದ. "ನಾನೇ ಹುಟ್ಟಿಸಿದ್ದು."