ಹೆಸರಿಲ್ಲದ ಆಲೂಗಡ್ಡೆ

ಅಕ್ಕನ ಮಗಳನ್ನು ನಾವು ಇರುವೆ ಎಂದೇ ಕರೆಯುವುದು. ಕೈಗೆ ಸಿಕ್ಕಿದ್ದನ್ನು ಮುಷ್ಟಿಯಲ್ಲಿ ಹಿಡಿದು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಸಾಗಿಸುವುದು ಅವಳ ಕಸುಬು. ಅಂಗಿಯ ಗುಂಡಿ, ರಬ್ಬರು, ಕೊಡೆಯ ಹಿಡಿಯ ಮುರುಕು, ಯಾವುದಾದರೂ ಸರಿ. ಎರಡು ತುಂಬಿ ಮೂರಕ್ಕೆ ನಡೆಯುತ್ತಿದ್ದ ಈ ಇರುವೆ ಬದುಕಿದ್ದದ್ದೇ ಬ್ರೆಡ್ಡಿನ ಮೇಲೆ. ಬೆಳಿಗ್ಗೆ ಬ್ರೆಡ್ಡು, ಮಧ್ಯಾಹ್ನ ಬ್ರೆಡ್ಡು, ಅತ್ತರೆ ಬ್ರೆಡ್ಡಿನ ಅಂಚು.

“ಗೋಧಿ ಇವಳಿಗೆ ಒಗ್ಗಲ್ಲ. ಬ್ರೆಡ್ಡು, ಬಿಸ್ಕತ್ತು ಎಲ್ಲ ಬಂದ್,” ಎಂದರು ಡಾಕ್ಟರಮ್ಮ. “ಹೊಟ್ಟೆನೋವು, ತೂಕ ಇಳೀತಿರೋದು, ಎಲ್ಲ ಅದರಿಂದಲೇ. ಬೇರೆ ಏನಾದ್ರೂ ರೂಢಿ ಮಾಡಿಸಿ. ಮುಂದಿನ ಶನಿವಾರ ತಕ್ಕಡಿಗೆ ಹಾಕೋಣ.”

ಅಕ್ಕ ಸಿಟಿ ಬಸ್ಸು ಓಡಿಸುತ್ತಾಳೆ. ವರ್ಷಗಟ್ಟಲೆ ಟಿಕೇಟು ಹರಿದು, ಪರೀಕ್ಷೆ ಕಟ್ಟಿ, ‘ಹೆಂಗಸು ಗೇರು ಹಾಕ್ತಾಳಂತೆ’ ಎಂಬ ಡಿಪೋದ ನಗೆಯನ್ನು ನುಂಗಿ, ಈಚೆಗಷ್ಟೇ ಸ್ಟಿಯರಿಂಗಿನ ಹಿಂದೆ ಕೂತವಳು. ಭಾವ ದೂರದ ಸೇತುವೆಯ ಕೆಲಸದಲ್ಲಿದ್ದರು, ರಜೆ ಸಿಕ್ಕಾಗ ಬರುವವರು. ಆಸ್ಪತ್ರೆಯಿಂದ ಬಂದ ಅಕ್ಕ ಮನೆಯ ಮೆಟ್ಟಿಲ ಬಳಿ ನಿಂತು ಹೇಳಿದಳು: “ಶನಿವಾರ ಇನ್ನೂ ಇಳಿದಿದ್ರೆ ನಾನು ಕೆಲಸ ಬಿಟ್ಟು ಮನೇಲಿ ಕೂರ್ತೀನಿ. ನಾನೇ ಕೂತು ತಿನ್ನಿಸ್ತೀನಿ.”

“ನಾನಿಲ್ವಾ?” ಎಂದೆ.

“ನೀನಾ? ಹಾಲು ಒಲೆ ಮೇಲಿಟ್ಟು ಮೋಡ ನೋಡ್ಕೊಂಡು ನಿಲ್ಲೋಳು.”

ಸುಳ್ಳಲ್ಲ. ಆದರೂ ಒಪ್ಪಿಕೊಂಡೆ. ನನ್ನ ಕೆಲಸ ನಮ್ಮ ಮನೆಯ ಕೆಳಗೇ, ಚಿತ್ರಗಳಿಗೆ ಕಟ್ಟು ಹಾಕುವ ಅಂಗಡಿಯಲ್ಲಿ. ಇರುವೆಯೂ ಅಲ್ಲೇ, ಮರದ ಹೊಟ್ಟಿನ ಮೂಟೆಗೆ ಒರಗಿ ಆಡುತ್ತಿದ್ದಳು. ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದಾಗ ಅವಳನ್ನು ಸೊಂಟಕ್ಕೇರಿಸಿ ಮೇಲೆ ಓಡುವುದು, ಅಡುಗೆ ಮಾಡಿ ತಿನ್ನಿಸಿ, ಬಾಗಿಲು ಮತ್ತೆ ತೆರೆಯುವಷ್ಟರಲ್ಲಿ ಇಳಿಯುವುದು.

“ಗಾಜು ಎಷ್ಟೊತ್ತು ಬೇಕಾದ್ರೂ ಕಾಯುತ್ತಮ್ಮ, ಗಿರಾಕಿ ಕಾಯಲ್ಲ,” ಎಂದು ಯಜಮಾನರು ಮೊದಲೇ ಎಚ್ಚರಿಸಿದ್ದರು.

ಬೇಗ ಆಗುವ ಅಡುಗೆ ಏನೇನಿದೆಯೋ ಎಲ್ಲ ಯೋಚಿಸಿದೆ. ಬೆಳಿಗ್ಗೆಯೇ ಬೇಯಿಸಿಟ್ಟ ಆಲೂಗಡ್ಡೆ. ಬಾಳೆಹಣ್ಣು ಕಿವುಚಿ ಮೊಟ್ಟೆಯೊಂದಿಗೆ ಕಲಸಿ ಕಾವಲಿಯ ಮೇಲೆ ಹುಯ್ದ ಬಿಲ್ಲೆಗಳು. ಬೆಣ್ಣೆಯಲ್ಲಿ ಹೊರಳಿಸಿದ ಬಟಾಣಿ. ಬೆರಳುದ್ದ ಕೊಯ್ದು ಬೇಯಿಸಿದ ಗಜ್ಜರಿ. ಇರುವೆ ತಟ್ಟೆಯನ್ನು ಒಂದು ಸಲ ನೋಡಿದಳು, ನನ್ನನ್ನು ಒಂದು ಸಲ ನೋಡಿದಳು, “ಬೆಡ್ಡು,” ಎಂದಳು. ಅಷ್ಟೇ. ತುಟಿ ಬೀಗ.

ಎರಡನೆಯ ದಿನ ನನ್ನ ಹತ್ತಿರ ಇದ್ದ ಒಂದೇ ಆಸ್ತಿಯನ್ನು ಹೊರತೆಗೆದೆ. ನಾನು ಬೆಳೆದದ್ದು ಅಜ್ಜಿಯ ಕತೆಗಳಲ್ಲಿ. ಆ ಕತೆಗಳಲ್ಲಿ ಮರ ಮಾತಾಡುತ್ತಿತ್ತು, ಬಾವಿ ಅಳುತ್ತಿತ್ತು, ಪೊರಕೆ ಮುನಿಸಿಕೊಂಡು ಮನೆ ಬಿಟ್ಟು ಹೋಗುತ್ತಿತ್ತು. ಆಲೂಗಡ್ಡೆಗೆ ಗಜ್ಜರಿಯ ಕಿರೀಟ ಇಟ್ಟು, “ಇವನು ಗುಂಡುರಾಜ,” ಎಂದೆ. ಬಟಾಣಿಗಳು ಅವನ ಸೈನ್ಯ. ಬಾಳೆಹಣ್ಣಿನ ಬಿಲ್ಲೆ ಅವನು ಮಲಗುವ ಹಾಸಿಗೆ. ಗುಂಡುರಾಜನಿಗೆ ಶೀತ ಆಗಿದೆ, ಸೈನಿಕರು ಬೆಣ್ಣೆಯ ಕೆರೆ ದಾಟಿ ಔಷಧಿ ತರಬೇಕು.

ಇರುವೆಯ ಕಣ್ಣು ಅರಳಿದವು. ರಾಜನ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿದಳು. ನಾನು ಕಾವಲಿ ತೊಳೆದು ಬರುವಷ್ಟರಲ್ಲಿ ತಟ್ಟೆ ಖಾಲಿ.

ಅಕ್ಕನ ಬಸ್ಸು ಊಟದ ಹೊತ್ತಿಗೆ ನಮ್ಮ ಕಿಟಕಿಯ ಕೆಳಗಿನ ಸಿಗ್ನಲ್ಲಿನಲ್ಲಿ ನಿಲ್ಲುತ್ತದೆ. ಇಳಿದು ಬರುವಂತಿಲ್ಲ. ಹಾರ್ನನ್ನು ಮೆಲ್ಲಗೆ ಒತ್ತುತ್ತಾಳೆ, ನಾನು ಮಗುವನ್ನು ಕಿಟಕಿಗೆ ಎತ್ತಿ ಹಿಡಿಯುತ್ತೇನೆ. ಅವತ್ತು ಖಾಲಿ ತಟ್ಟೆಯನ್ನೂ ಎತ್ತಿ ತೋರಿಸಿದೆ. ಬಸ್ಸಿನ ಗಾಜಿನ ಹಿಂದೆ ಅಕ್ಕನ ಹಲ್ಲು ಕಂಡವು. ಅವಳು ನಕ್ಕು ಎಷ್ಟು ದಿನವಾಗಿತ್ತೋ.

ಮರುದಿನವೂ ಖಾಲಿ ತಟ್ಟೆ, ಅದರ ಮರುದಿನವೂ. ನಾನು ನೆಲದಿಂದ ಒಂದು ಗೇಣು ಮೇಲೇ ನಡೆಯುತ್ತಿದ್ದೆ. ಸಂಜೆಗಳಲ್ಲಿ ಇರುವೆ ಹಾಲು ಕುಡಿದು, ಹಣ್ಣು ತಿಂದು, ರಚ್ಚೆ ಹಿಡಿಯುತ್ತಿದ್ದಳು. ಹಲ್ಲು ಬರುತ್ತಿರಬೇಕು ಅಂದುಕೊಂಡೆವು.

ಶುಕ್ರವಾರ ಬೆಳಿಗ್ಗೆ ಮಳೆ ಹನಿಯುತ್ತಿತ್ತು. ಅಕ್ಕ ಬಾಗಿಲ ಹಿಂದಿದ್ದ ಹಳೆಯ ಬೂಟು ತೆಗೆದು ಕಾಲು ತೂರಿಸಿದಳು. ತೂರಿಸಿ, ಹಾಗೇ ನಿಂತಳು.

“ನನ್ನ ಬೂಟಿನಲ್ಲಿ ಯಾರೋ ಇದಾರೆ,” ಎಂದಳು.

ಕಾಲು ಹೊರಗೆಳೆದಳು. ಕಾಲುಚೀಲದ ತುದಿಗೆ ಗುಂಡುರಾಜ ಮೆತ್ತಿಕೊಂಡಿದ್ದ. ಬೂಟು ಕೊಡವಿದರೆ ಇನ್ನಿಬ್ಬರು ರಾಜರು, ಮೆತ್ತಗಾದ ಹಾಸಿಗೆಗಳು, ಸೈನ್ಯವೆಲ್ಲ ಉದುರಿತು. ಹುಳಿ ವಾಸನೆ. ಇರುವೆ ಓಡಿ ಬಂದು ನೋಡಿ, ಎದೆಯೊಡೆದು ಅತ್ತಳು. “ಅಮ್ಮ ರಾಜನ್ನ ತುಳೀತು. ರಾಜ ನಿದ್ದೆ ಮಾಡ್ತಿದ್ದ.”

ಒಬ್ಬೊಬ್ಬರನ್ನೇ ಮುಷ್ಟಿಯಲ್ಲಿ ಸಾಗಿಸಿದ್ದಳು. ಯಾರೂ ತಿನ್ನದಿರಲಿ ಎಂದು, ಕತ್ತಲೆಯ, ಬೆಚ್ಚಗಿನ ಜಾಗಕ್ಕೆ.

ಅಕ್ಕ ಗೋಡೆಗೊರಗಿ ಕೂತಳು. “ನಾನು ಖಾಲಿ ತಟ್ಟೆ ನೋಡಿ ನೋಡಿ ಖುಷಿಪಡ್ತಿದ್ದೆ ಕಣೇ.”

“ನಾನೂ ಅಷ್ಟೇ ಅಕ್ಕ. ನಂಗೂ ಗೊತ್ತಿರಲಿಲ್ಲ.”

“ನೀನು ಊಟ ಹಾಕಲಿಲ್ಲ, ಬಯಲಾಟ ಆಡಿಸಿದೆ.” ಜೋರಾಗಿ ಬೈದಿದ್ದರೆ ಚೆನ್ನಾಗಿತ್ತು. ಒದ್ದೆ ಕಾಲುಚೀಲ ಬಿಚ್ಚಿ ಮಡಚುತ್ತ ಹೇಳಿದಳು: “ಇನ್ನು ನಾಳೆವರೆಗೂ ಕಾಯೋದೇನು. ಮಧ್ಯಾಹ್ನ ನೋಡ್ತೀನಿ. ಇವತ್ತೂ ತಿನ್ನದಿದ್ರೆ ಸಂಜೆ ಡಿಪೋದಲ್ಲಿ ಹೇಳಿ ಬರ್ತೀನಿ.”

ಅವತ್ತು ಅಂಗಡಿಯಲ್ಲಿ ಕಟ್ಟಿನ ಮೂಲೆಗಳು ಒಂದಕ್ಕೊಂದು ಕೂಡಲೇ ಇಲ್ಲ. ಯಜಮಾನರು ನೋಡಿ, “ಮನಸ್ಸು ಎಲ್ಲೋ ಮೇಯೋಕೆ ಹೋಗಿದೆ,” ಎಂದು ಗರಗಸ ಕಿತ್ತುಕೊಂಡರು. “ಗಾಜು ಒರೆಸು, ಸಾಕು.”

ಗಾಜು ಒರೆಸುತ್ತ ಅಜ್ಜಿಯನ್ನು ನೆನೆದೆ. ನಮ್ಮನ್ನೆಲ್ಲ ಅವಳು ಹೇಗೆ ತಿನ್ನಿಸಿದಳು? ಅವಳ ಕತೆಯಲ್ಲಿ ರಾಕ್ಷಸನಿಗೆ ಹಸಿವು, ರಾಜಕುಮಾರನಿಗೆ ಹಸಿವು, ದಾರಿತಪ್ಪಿದ ಮುದುಕಿಗೆ ಹಸಿವು. ಹೇಳುತ್ತ ಹೇಳುತ್ತ ಅಜ್ಜಿಗೂ ಹಸಿವಾಗಿ, ನಮ್ಮ ತಟ್ಟೆಯಿಂದಲೇ ಒಂದು ತುತ್ತು ತೆಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಮರ ಮಾತಾಡಿತ್ತು, ಬಾವಿ ಮಾತಾಡಿತ್ತು. ಆದರೆ ತಟ್ಟೆಯಲ್ಲಿದ್ದದ್ದು ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. ಕೈಯಲ್ಲಿದ್ದ ಬಟ್ಟೆ ನಿಂತುಹೋಯಿತು. ಇಷ್ಟು ಕತೆ ಕೇಳಿಯೂ ನಾನು ಇದನ್ನು ಕೇಳಿಸಿಕೊಂಡಿರಲಿಲ್ಲ. ಜೊತೆಗೆ ಇನ್ನೊಂದು: ಈ ವಾರವಿಡೀ ನಾನು ಅವಳ ಮುಂದೆ ಒಂದು ತುತ್ತೂ ತಿಂದಿರಲಿಲ್ಲ. ಕಾವಲಿಗೆ ಹತ್ತಿದ್ದನ್ನು ಪಾತ್ರೆ ತೊಳೆಯುವಲ್ಲೇ ನಿಂತು ನುಂಗಿ ಇಳಿದುಬಿಡುತ್ತಿದ್ದೆ.

ಮಧ್ಯಾಹ್ನ ಅದೇ ಆಲೂಗಡ್ಡೆ, ಅದೇ ಬಟಾಣಿ, ಮೊಟ್ಟೆ. ಕಿರೀಟ ಇಲ್ಲ. ಎಲ್ಲವನ್ನೂ ಒಂದೇ ದೊಡ್ಡ ತಟ್ಟೆಗೆ ಹಾಕಿ ನೆಲದ ಮೇಲಿಟ್ಟು, ಚಕ್ಕಳಮಕ್ಕಳ ಕೂತು, ನಾನೇ ತಿನ್ನತೊಡಗಿದೆ. ನಿಜಕ್ಕೂ ಹಸಿದಿದ್ದೆ.

ಇರುವೆ ದೂರ ನಿಂತು ನೋಡಿದಳು. “ಚಿಕ್ಕಿ, ರಾಜ?”

“ರಾಜ ಊರಿಗೆ ಹೋದ.”

“ಇದು?”

“ಇದು ಆಲೂಗಡ್ಡೆ.”

“ಹೆಸರೇನು?”

“ಇದಕ್ಕೆ ಹೆಸರಿಲ್ಲ. ಬರೀ ಆಲೂಗಡ್ಡೆ.”

ಹತ್ತಿರ ಬಂದಳು. ಕುಕ್ಕರುಗಾಲಿನಲ್ಲಿ ಕೂತು, ಆಲೂಗಡ್ಡೆಯ ಚೂರಿಗೆ ಕಿವಿ ಹಚ್ಚಿ ಕೇಳಿದಳು. ಅದು ಏನೂ ಹೇಳಲಿಲ್ಲ. “ಚಿಕ್ಕಿಗೆ ಹಸಿವಾ?”

“ಹೂಂ. ತುಂಬ.”

ಆ ಚೂರನ್ನು ನನ್ನ ಬಾಯಿಗಿಟ್ಟಳು. ನಾನು ಅಗಿಯುವುದನ್ನು, ನುಂಗುವುದನ್ನು ಕೊನೆಯವರೆಗೂ ಕಾವಲು ಕಾದಳು. ಆಮೇಲೆ ಒಂದು ಬಟಾಣಿ ಎತ್ತಿದಳು. “ಇದಕ್ಕೆ ಹೆಸರು?”

“ಇಲ್ಲ.”

ಬಾಯಿಗೆ ಹೋಯಿತು. ನಾನು ನೋಡದವಳಂತೆ ತಿನ್ನುತ್ತಲೇ ಇದ್ದೆ.

“ಇದಕ್ಕೆ?”

“ಅದಕ್ಕೂ ಇಲ್ಲ.”

ಹೀಗೆ ಪ್ರತಿಯೊಂದು ಬಟಾಣಿಯ ವಿಚಾರಣೆ ನಡೆಯಿತು. ಮೊಟ್ಟೆಯ ಚೂರನ್ನು ನನ್ನ ಕೈಯಿಂದಲೇ ಕಿತ್ತುಕೊಂಡಳು, ತನ್ನ ಮುಂದೆಯೇ ಅಷ್ಟು ಇದ್ದರೂ. ಎಂಜಲು ತಟ್ಟೆಗಿರುವ ರುಚಿ ಬಡಿಸಿದ ತಟ್ಟೆಗೆ ಇಲ್ಲವೇನೋ.

ಕೆಳಗೆ ಹಾರ್ನು ಕೇಳಿಸಿತು. ಎತ್ತಿಕೊಂಡು ಕಿಟಕಿಗೆ ಓಡಿದೆ. ಆದರೆ ಇವತ್ತು ತೋರಿಸಲು ತಟ್ಟೆ ಖಾಲಿ ಇರಲಿಲ್ಲ, ಮೂಲೆಯಲ್ಲಿ ಇನ್ನೂ ಒಂದಿಷ್ಟು ಉಳಿದಿತ್ತು. ಖಾಲಿ ತಟ್ಟೆಯನ್ನು ಅಕ್ಕ ಇನ್ನು ನಂಬುವುದೂ ಇಲ್ಲ. ಅಕ್ಕ ಕತ್ತೆತ್ತಿ ನೋಡುತ್ತಿದ್ದಳು, ನಗದೆ. ಇರುವೆಯ ಕೆನ್ನೆ ಒಂದು ಕಡೆ ಉಬ್ಬಿತ್ತು. ಅದು ಮೇಲೆ ಕೆಳಗೆ ಆಡುತ್ತಿತ್ತು. ಅಮ್ಮನನ್ನು ನೋಡಿ ಕೈ ಬೀಸಿದಳು, ಆದರೆ ಅಗಿಯುವುದನ್ನು ನಿಲ್ಲಿಸಲಿಲ್ಲ.

ಸಿಗ್ನಲ್ಲಿಗೆ ಹಸಿರು ಬಂತು. ಬಸ್ಸು ಕದಲಲಿಲ್ಲ. ಹಿಂದಿನ ಗಾಡಿಗಳೆಲ್ಲ ಬೊಬ್ಬೆ ಹೊಡೆದವು. ಅಕ್ಕ ಆ ಉಬ್ಬಿದ ಕೆನ್ನೆಯನ್ನೇ ನೋಡುತ್ತಿದ್ದು, ಆಮೇಲೆ ಗೇರು ಹಾಕಿದಳು.

ಸಂಜೆ ಡಿಪೋದಿಂದ ಬಂದವಳು ಏನೂ ಹೇಳಿ ಬಂದಿರಲಿಲ್ಲ. ಶನಿವಾರ ತಕ್ಕಡಿಯ ಮುಳ್ಳು ಹಿಂದಿನ ಸಲ ನಿಂತಲ್ಲೇ ನಿಂತಿತು. “ಏರಿಲ್ಲ, ಇಳಿದೂ ಇಲ್ಲ,” ಎಂದರು ಡಾಕ್ಟರಮ್ಮ. “ಸದ್ಯಕ್ಕೆ ಇಷ್ಟು ಸಾಕು. ಏನು ಕೊಡ್ತಿದೀರಿ?”

ಅಕ್ಕ ನನ್ನ ಕಡೆ ನೋಡಿದಳು. “ಇವಳ ಚಿಕ್ಕಿ ಊಟಾನೇ ಕೊಡ್ತಿದೀವಿ,” ಎಂದಳು.

ಕತೆ ಈಗ ಊಟವಾಗಿ ಕೈ ತೊಳೆದ ಮೇಲೆ, ಮೆಟ್ಟಿಲಿಳಿಯುವಾಗ. ಅಕ್ಕ ಮಾತ್ರ ಕೆಲಸಕ್ಕೆ ಹೊರಡುವ ಮುನ್ನ ಬೂಟುಗಳನ್ನು ತಲೆಕೆಳಗು ಮಾಡಿ, ಹೊಸ್ತಿಲಿಗೆ ಕುಟ್ಟಿ, ಒಳಗೆ ಇಣುಕಿ ಕೇಳುತ್ತಾಳೆ: “ಯಾರಾದ್ರೂ ಇದ್ರೆ ಇಳ್ಕೊಳ್ಳಿ, ಬಸ್ಸು ಹೊರಡುತ್ತೆ.”